ಬೀಗದ ಹುಡುಗನ ಗಂಟಲು

ನನ್ನ ಕೆಲಸ ಏನು ಅಂತ ಗೊತ್ತಾದ ಮರುಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅಕ್ಕ, ಆ ಬೀಗದ ಹುಡುಗ ಹೀರೋನಾ, ವಿಲನ್ನಾ?" ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಎರಡೂ ಕೈ ಇಟ್ಟುಕೊಂಡೇ ಕೇಳಿದ್ದಾರೆ. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ನಾನು ಏನು ಹೇಳಲಿ, ಮಣ್ಣು? ನಾನು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ರೆಕಾರ್ಡ್ ಮಾಡುವವಳು. ಇಪ್ಪತ್ತಾರು ವರ್ಷದಿಂದ ಗಾಜಿನ ಈಚೆ ಕೂತು, ಆಚೆ ನಿಂತವರ ದನಿ ಹಿಡಿಯುತ್ತಿದ್ದೇನೆ. ಕಥೆ ಬರೆದವರನ್ನು ಕೇಳಿ ಹೋಗಿ ಅಂದುಬಿಡುತ್ತೇನೆ. ನಿಜ ಹೇಳಬೇಕೆಂದರೆ, ಆ ಪ್ರಶ್ನೆ ಕೇಳಿದಾಗ ನನಗೆ ಆ ಹುಡುಗ ನೆನಪಾಗುವುದೇ ಇಲ್ಲ. ಅವನಿಗೆ ದನಿ ಕೊಟ್ಟ ಹೆಂಗಸು ನೆನಪಾಗುತ್ತಾಳೆ.

ಆ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ, ನೋಡದವರಿಗಾಗಿ ಎರಡು ಮಾತು. ಒಂದು ಪಟ್ಟಣ. ಅಲ್ಲಿಯ ಬೀದಿಗಳಲ್ಲಿ ಒಂದು ಮಂಜು ಓಡಾಡುತ್ತದೆ, ಸಿಕ್ಕಿದವರನ್ನು ಕರಗಿಸಿಬಿಡುತ್ತದೆ. ಅದು ಒಳಗೆ ನುಗ್ಗದಂತೆ ತಡೆಯುವ ಬೀಗಗಳು ಇರುವುದು ಹದಿನೇಳು ವರ್ಷದ ಒಬ್ಬ ಹುಡುಗನ ಹತ್ತಿರ ಮಾತ್ರ. ಮೊದಲು ಒಂದು ಮನೆಯವರನ್ನು ಒಳಗಿಟ್ಟು ಬೀಗ ಜಡಿದು ಬದುಕಿಸುತ್ತಾನೆ. ಆಮೇಲೆ ಒಂದು ಬೀದಿ, ಆಮೇಲೆ ಇಡೀ ಪಟ್ಟಣ. ಯಾರನ್ನೂ ಒಂದು ಮಾತು ಕೇಳುವುದಿಲ್ಲ. ಕಿಟಕಿ ಒಡೆದು ಹೊರಗೆ ಬರಲು ನೋಡಿದ ಜೀವದ ಗೆಳೆಯನ ಕಿಟಕಿಗೆ ತಾನೇ ಇಟ್ಟಿಗೆ ಕಟ್ಟುತ್ತಾನೆ, ಅಳುತ್ತಾ ಕಟ್ಟುತ್ತಾನೆ. ಮೂರು ವರ್ಷದಲ್ಲಿ ಅಲ್ಲಿ ಒಬ್ಬರೂ ಸತ್ತಿಲ್ಲ, ಒಬ್ಬರೂ ಹೊರಗೂ ಬಂದಿಲ್ಲ. ಇದಕ್ಕೇ ಜನ ಜುಟ್ಟು ಹಿಡಿದು ಜಗಳವಾಡುತ್ತಿದ್ದದ್ದು. ನಮ್ಮ ಮನೆಯಲ್ಲೂ ನನ್ನ ಗಂಡ ಒಂದು ಕಡೆ, ನಾದಿನಿ ಒಂದು ಕಡೆ. ತಟ್ಟೆಯಲ್ಲಿ ಊಟ ಆರಿಹೋದರೂ ಇಬ್ಬರ ಬಾಯಿ ನಿಲ್ಲುತ್ತಿರಲಿಲ್ಲ.

ಆ ಹುಡುಗನ ದನಿ ಐವತ್ತೊಂದು ವರ್ಷದ ಒಬ್ಬ ಹೆಂಗಸಿನದು ಅಂತ ಇವರಿಗೆಲ್ಲ ಏನು ಗೊತ್ತು? ಹೊರಗೆ ಹೇಳಬಾರದು ಅಂತ ಕಂಪನಿಯವರು ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಪಿಸುಮಾತು ಅನ್ನುತ್ತಿದ್ದರು. ಹೆಸರಿಟ್ಟವಳು ನಾನೇ. ಮೈಕ್ ಮುಂದೆ ನಿಂತರೆ ಗಾಜು ಅದುರುವಂತೆ ಕೂಗುವವಳು, ಬಾಗಿಲು ದಾಟಿ ಈಚೆ ಬಂದರೆ "ಅಕ್ಕ, ನೀರು" ಅನ್ನುವುದನ್ನೂ ಕಿವಿ ಹತ್ತಿರ ತಂದುಕೊಂಡು ಕೇಳಬೇಕು. ನನಗೋ ಮೊದಲೇ ತಾಳ್ಮೆ ಕಡಿಮೆ. "ಅದೇನು ಗಂಟಲಲ್ಲಿ ಇಲಿ ಓಡಾಡುತ್ತಾ, ಬಾಯಿ ಬಿಟ್ಟು ಮಾತಾಡೇ" ಅಂತ ಎಷ್ಟು ಸಲ ರೇಗಿದ್ದೇನೋ. ನಕ್ಕು ಸುಮ್ಮನಾಗುತ್ತಿದ್ದಳು.

ಬೀಗದ ಹುಡುಗ ಸಿಗುವುದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಗುಂಪಿನ ದನಿ. ಸಂತೆಯ ಗಲಾಟೆ, ಆಸ್ಪತ್ರೆಯ ನರ್ಸಿನ ಒಂದು ಮಾತು, ಬಾಗಿಲ ಹಿಂದಿನ ಕಿರುಚಾಟ. ಎಳೆಮಗುವಿನ ಅಳುವಿನಲ್ಲಂತೂ ಅವಳದು ಎತ್ತಿದ ಕೈ. ಹಸಿದ ಅಳು ಬೇರೆ, ನಿದ್ದೆಯ ಅಳು ಬೇರೆ, ಕಿವಿನೋವಿನ ಅಳು ಬೇರೆ. ಯಾವುದು ಬೇಕು ಹೇಳಿ ಅನ್ನುತ್ತಿದ್ದಳು, ತರಕಾರಿ ತೂಗುವವಳ ಹಾಗೆ. ಮಗ್ಗುಲಲ್ಲಿ ಒಂದು ಕೂಸು ಇದೆಯೇನೋ ಅಂತ ನಾನೇ ಎಷ್ಟೋ ಸಲ ಬಗ್ಗಿ ನೋಡಿದ್ದೇನೆ.

ಗಂಡ ದೊಡ್ಡಾಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದರು. ಬೆಳಗ್ಗೆ ಹತ್ತಕ್ಕೆ ಸ್ಕೂಟರಿನಲ್ಲಿ ತಂದು ಬಿಡುವುದು, ಸಂಜೆ ಐದೂವರೆಗೆ ಬಂದು ಕರೆದುಕೊಂಡು ಹೋಗುವುದು. ಒಂದು ದಿನ ತಪ್ಪಿಸಿದವರಲ್ಲ. ಮಂಡಿನೋವು ಅಂತ ಮೂರು ಮಹಡಿ ಹತ್ತುತ್ತಿರಲಿಲ್ಲ, ಕೆಳಗೆ ಗೇಟಿನಲ್ಲೇ ಕಾಯುತ್ತಿದ್ದರು. ನಾನು ಕಂಡದ್ದು ಕಿಟಕಿಯಿಂದ ಅವರ ಬೋಳುತಲೆ ಮಾತ್ರ, ದನಿ ಕೇಳಿದ್ದೇ ಇಲ್ಲ. ಹೆಂಡತಿಯ ಗಂಟಲಿಗೆ ಅಂತ ಫ್ಲಾಸ್ಕಿನಲ್ಲಿ ಬಿಸಿನೀರು ಕಳಿಸುತ್ತಿದ್ದರು. ತಣ್ಣಗಿನದು ಕುಡಿಯುವಂತಿಲ್ಲ, ಜೋರಾಗಿ ನಗುವಂತಿಲ್ಲ, ಮನೆಯಲ್ಲಿ ಹೆಚ್ಚು ಮಾತಾಡುವಂತಿಲ್ಲ, ದನಿಗೆ ವಿಶ್ರಾಂತಿ ಬೇಕಲ್ಲ. ಅವಳ ಫೋನು ಬಂದರೆ ಅವರೇ ಎತ್ತುತ್ತಿದ್ದರು. ಗಂಟಲು ಉಳೀಲಿ ಅಂತ.

ನನ್ನ ಗಂಡನಿಗೆ ಸ್ಟುಡಿಯೋ ಯಾವ ರಸ್ತೆಯಲ್ಲಿದೆ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹಾಗಾಗಿ ನನಗೆ ಹೊಟ್ಟೆಕಿಚ್ಚು, ಸುಳ್ಳು ಯಾಕೆ ಹೇಳಲಿ. "ಚಿನ್ನದಂಥ ಗಂಡ ಕಣೇ ನಿಂಗೆ" ಅಂದರೆ ಅವಳು "ಹೂಂ ಅಕ್ಕ, ಮಗಳೂ ಅದನ್ನೇ ಹೇಳ್ತಾಳೆ. ಅಪ್ಪನಂಥವರು ಯಾರಿಗೆ ಸಿಗ್ತಾರೆ ಅಂತಾಳೆ" ಅನ್ನುತ್ತಿದ್ದಳು. ಮಗಳು ಮದುವೆಯಾಗಿ ದೂರದಲ್ಲಿದ್ದಳು.

ನಮ್ಮ ಕೆಲಸದ ಒಂದು ವಿಚಾರ ಇಲ್ಲಿ ಹೇಳಲೇಬೇಕು. ಅನಿಮೆಯ ಚಿತ್ರ ಕಳ್ಳತನವಾಗಬಾರದು ಅಂತ ಕಂಪನಿಯವರು ನಮಗೆ ಪೂರ್ತಿ ಚಿತ್ರ ಕಳಿಸುವುದಿಲ್ಲ. ಪರದೆ ಇಡೀ ಕಪ್ಪು. ಮಾತಾಡುವವರ ಬಾಯಿ ಇರುವ ಜಾಗದಲ್ಲಿ ಮಾತ್ರ ಒಂದು ಸಣ್ಣ ಗುಂಡನೆಯ ಕಿಂಡಿ. ಆ ಕಿಂಡಿಯೊಳಗಿನ ತುಟಿ ನೋಡಿ ಅದಕ್ಕೆ ಮಾತು ಕೂರಿಸಬೇಕು. ಕಣ್ಣು ಕಾಣದು, ಕೈಯಲ್ಲಿ ಏನಿದೆ ಕಾಣದು, ಎದುರಿಗೆ ಯಾರಿದ್ದಾರೆ ಅದೂ ಕಾಣದು. ಮೊದಲ ಕಂತಿನ ದಿನ ಡೈರೆಕ್ಟರು ಹೇಳಿದ್ದು ಇಷ್ಟೇ: "ಇವನು ಒಳ್ಳೆಯವನೋ ಕೆಟ್ಟವನೋ ನನಗೂ ಹೇಳಿಲ್ಲ ಮೇಡಂ. ಸುಮ್ಮನೆ ಓದಿ."

ಬಾಗಿಲು ಹಾಕುವ ಮೊದಲ ದೃಶ್ಯ. ಹಾಳೆಯಲ್ಲಿದ್ದ ಮಾತು, "ಒಳಗೇ ಇರಿ. ನಿಮ್ಮ ಒಳ್ಳೇದಕ್ಕೇ." ಮಾತು ಮುಗಿದರೂ ಕಿಂಡಿಯೊಳಗಿನ ತುಟಿ ಇನ್ನೊಂದು ಚೂರು ಆಡಿತು. ಹಾಗೆ ಮಾತು ಕಮ್ಮಿ ಬಿದ್ದಾಗ ದನಿ ಕೊಡುವವರು ಏನಾದರೂ ಸೇರಿಸಿ ತುಂಬಿಸುತ್ತಾರೆ. ಪಿಸುಮಾತು ತುಂಬಿಸಿದ್ದು "ಅಲ್ವಾ?" ಅಂತ. ಎಷ್ಟು ಮೆತ್ತಗೆ ಅಂತೀರಿ, ಮಗುವಿನ ಹಣೆ ಮೇಲಿನ ಕೂದಲು ಸರಿಸಿದ ಹಾಗೆ. ಡೈರೆಕ್ಟರು ಕುರ್ಚಿಯಿಂದ ಎದ್ದುಬಿಟ್ಟರು. "ಇದೇ ಇರಲಿ!" ಆಮೇಲೆ ಮೂರು ವರ್ಷ ಆ ಅಲ್ವಾ ಎಲ್ಲರ ಬಾಯಲ್ಲಿ. ಟೀ ಶರ್ಟಿನ ಮೇಲೆ ಬಂತು. ಇಷ್ಟು ಪ್ರೀತಿಯಿಂದ ಮಾತಾಡುವವನು ಕೆಟ್ಟವನಾಗಲು ಸಾಧ್ಯವೇ ಇಲ್ಲ ಅಂತ ಜನ ಕಂಪನಿಗೆ ಪತ್ರ ಬರೆದರು. ಇಟ್ಟಿಗೆ ಕಟ್ಟಿದ ಮೇಲೂ ಬರೆದರು. ಆ ಹುಡುಗನನ್ನು ಹೀರೋ ಮಾಡಿದವಳು ಇವಳು, ಅದರಲ್ಲಿ ಎರಡು ಮಾತಿಲ್ಲ.

ಈಗ ನನ್ನ ಬಾಯಿ ಮಾಡಿದ ಅನಾಹುತಕ್ಕೆ ಬರುತ್ತೇನೆ.

ಹೋದ ವರ್ಷ ನನಗೆ ಎದೆಯುರಿ ಜಾಸ್ತಿಯಾಗಿ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಔಷಧಿ ಕೌಂಟರಿನ ಸಾಲಿನಲ್ಲಿ ನಿಂತೆ. ಕೌಂಟರಿನ ಗಾಜಿನ ತುಂಬ ನೋಟೀಸು ಅಂಟಿಸಿದ್ದರು. ಮಧ್ಯದಲ್ಲಿ ಮಾತಾಡಲಿಕ್ಕೆ ಒಂದು ತೂತು. ಅದರೊಳಗೆ ಕಾಣುತ್ತಿದ್ದದ್ದು ಒಂದು ಬಾಯಿ, ಅಷ್ಟೇ. ಚೀಟಿ ಕೊಟ್ಟೆ. ಮಾತ್ರೆಗಳನ್ನು ಈಚೆ ತಳ್ಳುತ್ತಾ ಆ ಬಾಯಿ ಹೇಳಿತು: "ಊಟ ಆದ ಮೇಲೇ ತಗೋಬೇಕು. ಮಧ್ಯದಲ್ಲಿ ಬಿಡಬಾರದು. ನಿಮ್ಮ ಒಳ್ಳೇದಕ್ಕೇ, ಅಲ್ವಾ?"

ಮೂರು ವರ್ಷ ಹೆಡ್‌ಫೋನಿನಲ್ಲಿ ಕೇಳಿದವಳು ನಾನು, ನನ್ನ ಕಿವಿಗೆ ಮೋಸ ಮಾಡಲು ಆಗುತ್ತದಾ? ಅದೇ ಮೆತ್ತನೆ, ಅದೇ ಎಳೆತ, ಅಲ್ವಾ ಅನ್ನುವುದಕ್ಕೆ ಮುಂಚೆ ಅದೇ ಒಂದು ಉಸಿರು. ದನಿ ಗಂಡಸಿನದು, ವಯಸ್ಸಾದದ್ದು. ಆದರೆ ಆಡುತ್ತಿದ್ದವನು ಬೀಗದ ಹುಡುಗ. ಬಗ್ಗಿ ನೋಡಿದೆ. ಬೋಳುತಲೆ.

ಬುದ್ಧಿ ಇದ್ದವಳಾದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಮಾರನೇ ದಿನ ಅವಳು ಬರುವುದೇ ತಡ, ನಗುತ್ತಾ ಹೇಳಿಬಿಟ್ಟೆ: "ಕಳ್ಳಿ, ಬೀಗದ ಹುಡುಗನ್ನ ಎಲ್ಲಿಂದ ತಂದೆ ಅಂತ ಗೊತ್ತಾಯ್ತು. ನಿಮ್ಮ ಯಜಮಾನರೇ ಅವನು. ಥೇಟು!"

ಅವಳೂ ನಕ್ಕಳು. "ಹೌದಾ?" ಅಂದಳು. ನಗು ಹಾಗೇ ಮುಖದ ಮೇಲೆ ಉಳಿದುಕೊಂಡಿತು, ಕಣ್ಣು ಮಾತ್ರ ಎಲ್ಲೋ ಹೋಯಿತು. ಫ್ಲಾಸ್ಕ್ ತೆಗೆದು ನೀರು ಬಗ್ಗಿಸಿಕೊಂಡು, ಕುಡಿಯದೆ, ಲೋಟ ಹಿಡಿದುಕೊಂಡೇ ಒಳಗೆ ಹೋದಳು. ಆಣೆ ಮಾಡಿ ಹೇಳುತ್ತೇನೆ, ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅವತ್ತಿನಿಂದ ಹುಡುಗ ಕೆಟ್ಟ. ಟೇಕ್ ಮೇಲೆ ಟೇಕ್. ಒಂದು ಸಲ ತೀರಾ ಒರಟು, ಒಂದು ಸಲ ತೀರಾ ಸಪ್ಪೆ. ಡೈರೆಕ್ಟರು ತಲೆ ಚಚ್ಚಿಕೊಂಡರು. "ಮೇಡಂ, ನಮ್ಮ ಹುಡುಗ ಎಲ್ಲಿ? ಇವನು ಯಾರೋ ಜೈಲರ್ ಥರ ಇದಾನೆ." ನಾಲ್ಕು ದಿನ ಹೀಗೇ ಆಯಿತು. ಐದನೇ ದಿನ ಊಟದ ಹೊತ್ತಿನಲ್ಲಿ, ಟೀ ಮಾಡುವ ಮೂಲೆಯಲ್ಲಿ ನನ್ನ ಪಕ್ಕ ಬಂದು ಕೂತಳು. ಇಷ್ಟು ವರ್ಷದಲ್ಲಿ ಆಡದಷ್ಟು ಮಾತು ಒಂದೇ ಸಲ ಆಡಿದಳು, ಅದೇ ಪಿಸುದನಿಯಲ್ಲಿ.

"ಮೂವತ್ತು ವರ್ಷದಲ್ಲಿ ಅವರು ಒಂದು ಸಲಾನೂ ನನ್ನ ಮೇಲೆ ರೇಗಿಲ್ಲ ಅಕ್ಕ. ರೇಗಿದ್ದಿದ್ರೆ ನಾನೂ ತಿರುಗಿ ಏನಾದ್ರೂ ಅಂತಿದ್ದೆ. ಕೈ ಎತ್ತಿದ್ದಿದ್ರೆ ತವರಿಗೆ ಹೋಗ್ತಿದ್ದೆ. ಒಳ್ಳೆ ಮಾತಿಗೆ ಎದುರು ಏನಂತ ಹೇಳೋದು? ನನ್ನ ಅಕ್ಕನ ಮನೆಗೆ ಹೋಗಿ ಹನ್ನೊಂದು ವರ್ಷ ಆಯ್ತು. ಬಸ್ಸಿನ ಧೂಳು ಗಂಟಲಿಗೆ ಆಗಲ್ಲ ಅಂತಾರೆ. ನಿಜಾನೇ, ಆಗಲ್ಲ. ಮೊನ್ನೆ ನೀವು ಹೇಳಿದ ಮೇಲೆ ಆ ಹುಡುಗನ ಮಾತು ಓದಕ್ಕೆ ಹೋದ್ರೆ, ಬಾಗಿಲ ಒಳಗೆ ಇರೋಳು ನಾನೇ, ಹೊರಗಿಂದ ಬೀಗ ಹಾಕೋಳೂ ನಾನೇ ಅನ್ನಿಸುತ್ತೆ."

ನಾನು ಅವಳ ಲೋಟಕ್ಕೆ ಟೀ ಬಗ್ಗಿಸಿದೆ.

ಆಮೇಲೆ ಅವಳು ಮುಖ್ಯವಾದದ್ದು ಹೇಳಿದಳು. ಯಜಮಾನರು ತಿಂಗಳ ಕೊನೆಗೆ ರಿಟೈರ್ ಆಗುತ್ತಿದ್ದರು. ಅವರ ತಮ್ಮ ಬೇರೆ ಊರಿನಲ್ಲಿ ಮನೆ ಕಟ್ಟಿಸಿ, ಮೇಲಿನ ಮಹಡಿ ಇವರಿಗೆ ಅಂತ ಇಟ್ಟಿದ್ದರು. ಅಲ್ಲಿಯ ಗಾಳಿ ಒಳ್ಳೆಯದು, ಇನ್ನು ನೀನು ಆರಾಮಾಗಿರು, ಸಾಕು ದುಡಿದದ್ದು ಅಂತ ಯಜಮಾನರು ತೀರ್ಮಾನ ಮಾಡಿ ಆಗಿತ್ತು. ಇತ್ತ ಬೀಗದ ಹುಡುಗನದು ಈ ಭಾಗದ ಒಂದು ಕಂತು ಬಾಕಿ. ಅದಾದ ಮೇಲೆ ಮುಂದಿನ ತಿಂಗಳು ಕೊನೆಯ ಭಾಗ ಶುರು, ಹನ್ನೆರಡು ಕಂತು. ಅವನು ಬೀಗ ತೆಗೆಯುತ್ತಾನೋ ಇಲ್ಲವೋ ಗೊತ್ತಾಗುವುದು ಅದರಲ್ಲೇ.

"ಅದನ್ನ ನಾನೇ ಮಾಡ್ಬೇಕು ಅಕ್ಕ. ತೆಗೀತಾನೋ ಇಲ್ವೋ, ಆ ಮಾತು ನನ್ನ ಬಾಯಿಂದಲೇ ಬರ್ಬೇಕು. ಇದೊಂದು ನಂಗೆ ಬೇಕು. ನಾನು ಹೋಗಲ್ಲ."

"ಹಾಗಾದ್ರೆ ನಮ್ಮನೆಗೆ ಬಾ. ಮೇಲಿನ ರೂಮು ಖಾಲಿ ಬಿದ್ದಿದೆ. ನಾದಿನಿ ಗೊಣಗ್ತಾಳೆ, ಗೊಣಗಲಿ. ನಾನೇ ಮಾತಾಡ್ಲಾ ನಿಮ್ಮ ಯಜಮಾನರ ಹತ್ರ?"

ಅವಳು ನನ್ನ ಕೈ ಹಿಡಿದುಕೊಂಡಳು. "ಬೇಡ. ನೀವು ಬಾಯಿ ಬಿಡಲ್ಲ ಅಂತ ಮಾತು ಕೊಡಿ. ಇಷ್ಟು ವರ್ಷ ನನ್ನ ಪರವಾಗಿ ಅವರು ಮಾತಾಡಿದ್ರು. ಈಗ ನೀವು ಮಾತಾಡಿದ್ರೆ ಏನು ಬಂತು? ನಾನು ಬರಲ್ಲ ಅಂತ ನಾನೇ ಹೇಳ್ತೀನಿ."

ಮಾತು ಕೊಟ್ಟೆ. ಹಾಳು ಮಾತು.

ಆ ವಾರವೆಲ್ಲ ಬೆಳಗ್ಗೆ ಬಂದ ಕೂಡಲೇ ನಾನು ಹುಬ್ಬು ಹಾರಿಸುವುದು, ಅವಳು ತಲೆಯಾಡಿಸುವುದು. ಇನ್ನೂ ಹೇಳಿಲ್ಲ. ಒಂದು ದಿನ ಬಾಯಿ ತೆಗೆದಳಂತೆ, ಅವರು ಶಾಲು ತಂದು ಹೊದಿಸಿದರಂತೆ. ಇನ್ನೊಂದು ದಿನ "ನನಗೆ ಅಲ್ಲಿಗೆ ಬರಕ್ಕೆ" ಅನ್ನುವಷ್ಟರಲ್ಲಿ "ಭಯ ಆಗುತ್ತಾ? ನಾನಿದೀನಲ್ಲ" ಅಂದರಂತೆ. ಕೇಳುತ್ತಾ ನಾನು ಹಲ್ಲು ಕಡಿಯುತ್ತಿದ್ದೆ. ನನಗಾಗಿದ್ದರೆ ಅಲ್ಲೇ ತಟ್ಟೆ ಎಸೆಯುತ್ತಿದ್ದೆ. ಆದರೆ ಶಾಲು ಹೊದಿಸುವವರ ಮುಂದೆ ತಟ್ಟೆ ಎಸೆಯುವುದು ಹೇಗೆ ಅಂತ ಯೋಚಿಸಿದರೆ ನನಗೂ ಗೊತ್ತಾಗಲಿಲ್ಲ.

ಈ ಭಾಗದ ಕೊನೆಯ ಕಂತಿನ ದಿನ ಬಂತು. ನಾನು ಮೈಕ್ ಸರಿ ಮಾಡುತ್ತಿದ್ದೆ. ಡೈರೆಕ್ಟರು ಹೂವಿನ ಗುಚ್ಛ ಹಿಡಿದುಕೊಂಡು ಒಳಗೆ ಬಂದರು. "ಮೇಡಂ, ನಿಮ್ಮ ಯಜಮಾನರು ನಮ್ಮ ಮಾಲೀಕರಿಗೆ ಫೋನ್ ಮಾಡಿದ್ರಂತೆ. ನಿಮ್ಮ ಗಂಟಲು ದಣಿದಿದೆ, ಇನ್ನು ಬಿಟ್ಟುಕೊಡಿ ಅಂತ ಎಷ್ಟು ವಿನಯವಾಗಿ ಕೇಳಿಕೊಂಡ್ರಂತೆ. ಈಚೆಗೆ ಟೇಕ್ ಸರಿ ಬರ್ತಿರಲಿಲ್ವಲ್ಲ, ನನಗೆ ಮೊದಲೇ ಅರ್ಥ ಆಗ್ಬೇಕಿತ್ತು. ಮುಂದಿನ ಭಾಗಕ್ಕೆ ಬೇರೆ ದನಿ ನೋಡಿಕೊಂಡಿದೀವಿ. ನೀವು ಏನೂ ಚಿಂತೆ ಮಾಡ್ಬೇಡಿ."

ಪಿಸುಮಾತು ಹೂವು ಈಸಿಕೊಂಡಳು. ಥ್ಯಾಂಕ್ಸ್ ಅಂದಳು ಅಂತ ಕಾಣುತ್ತದೆ, ಕೇಳಿಸಲಿಲ್ಲ. ಟೇಕ್ ಕೆಟ್ಟದ್ದು ಯಾರ ಬಾಯಿಂದ? ನನ್ನ ಬಾಯಿಂದ.

ಮಧ್ಯಾಹ್ನ ನಾಲ್ಕಕ್ಕೆ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಸದ್ದು. ಯಜಮಾನರು. ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದಿದ್ದರು, ಎಲ್ಲರಿಗೂ ಸಿಹಿ ಡಬ್ಬಿ ತಂದಿದ್ದರು. "ಇಷ್ಟು ವರ್ಷ ನನ್ನ ಹೆಂಡತೀನ ಚೆನ್ನಾಗಿ ನೋಡಿಕೊಂಡ್ರಿ" ಅಂತ ನನಗೆ ಕೈ ಮುಗಿದರು. ಅವರ ಕಣ್ಣಲ್ಲಿ ಒಂದು ಚೂರು ಕಪಟ ಇರಲಿ ಅಂತ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆಷ್ಟು ಸಮಾಧಾನ ಆಗುತ್ತಿತ್ತು. ನನ್ನ ಪಕ್ಕದ ಸೋಫಾದಲ್ಲಿ ಕೂರಿಸಿದೆ. ಹೆಂಡತಿ ಕೆಲಸ ಮಾಡುವುದನ್ನು ಅವರು ನೋಡಿದ್ದು ಅದೇ ಮೊದಲು.

ಗಾಜಿನ ಆಚೆ ಅವಳು ನಿಂತಿದ್ದಳು. ಉಳಿದಿದ್ದು ಕೊನೆಯ ದೃಶ್ಯ. ಪಟ್ಟಣದವರೆಲ್ಲ ಒಳಗಿನಿಂದ ಬಾಗಿಲು ಬಡಿಯುತ್ತಾರೆ, ತೆಗಿ ಅಂತ ಕೂಗುತ್ತಾರೆ. ಹುಡುಗ ಹೇಳಬೇಕು: "ಹೊರಗೆ ಏನಿದೆ ಅಂತ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು. ಒಳಗೇ ಇರಿ. ನಿಮ್ಮ ಒಳ್ಳೇದಕ್ಕೇ, ಅಲ್ವಾ?" ಈಗ ಅಲ್ವಾ ಹಾಳೆಯಲ್ಲೇ ಅಚ್ಚಾಗಿ ಬರುತ್ತಿತ್ತು.

ಹನ್ನೊಂದು ಟೇಕ್ ಆಯಿತು. ಒಂದೂ ಸರಿ ಬರಲಿಲ್ಲ. ಡೈರೆಕ್ಟರು ಗಾಜಿನ ಆಚೆಗೆ ಮಾತು ಕೇಳಿಸುವ ಗುಂಡಿ ಒತ್ತಿ ಬೇಡಿಕೊಂಡರು: "ಮೇಡಂ, ಒಂದೇ ಒಂದು ಸಲ, ಹಳೇ ಹುಡುಗನ್ನ ಕೊಡಿ." ಅವಳು ಹಾಳೆ ಕೆಳಗಿಟ್ಟಳು. ಪರದೆಯ ಮೇಲಿನ ತುಟಿ ನೋಡಲಿಲ್ಲ. ಗಾಜಿನ ಈಚೆ ಸೋಫಾದ ಕಡೆ ನೋಡಿದಳು. ಗಂಡನನ್ನು ನೆಟ್ಟಗೆ ನೋಡುತ್ತಾ ಹೇಳಿದಳು.

ಅಷ್ಟು ಒಳ್ಳೆ ಟೇಕ್ ನಾನು ಜನ್ಮದಲ್ಲಿ ಹಿಡಿದಿಲ್ಲ. ಹುಡುಗನ ದನಿಯೊಳಗೆ ಯಜಮಾನರು ಪೂರ್ತಿ ಇದ್ದರು. ಅವರು ಔಷಧಿ ಕೊಡುವುದು, ಶಾಲು ಹೊದಿಸುವುದು, ಫೋನು ಎತ್ತುವುದು, ಎಲ್ಲ ಇತ್ತು. ನಾನು ಪಕ್ಕಕ್ಕೆ ತಿರುಗಿದೆ. ಅವರು ಸೋಫಾದ ತುದಿಗೆ ಬಂದಿದ್ದರು. ಗೊತ್ತಾಗಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು, ಗೊತ್ತಾಗಿತ್ತು. ಸದ್ಯ, ಕೊನೆಗೂ ಗೊತ್ತಾಯಿತಲ್ಲ ಅಂದುಕೊಂಡೆ.

"ಮೇಡಂ" ಅಂದರು. ಕಣ್ಣು ತುಂಬಿತ್ತು. "ಇದು ನಾನು. ನಾನು ಹೀಗೇ ಮಾತಾಡೋದು, ಅಲ್ವಾ?"

"ಹೂಂ" ಅಂದೆ.

"ಮೂರು ವರ್ಷದಿಂದ ಊರೆಲ್ಲ ಇವನ್ನ ಹೊಗಳ್ತಿದೆ. ಅವಳು ಒಂದು ದಿನವೂ ಬಾಯಿ ಬಿಡಲಿಲ್ಲ ನೋಡಿ. ನನ್ನನ್ನ ಎಷ್ಟು ಪ್ರೀತಿಯಿಂದ ದನಿಗೆ ಇಳಿಸಿಕೊಂಡಿದಾಳೆ." ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. "ಪಾಪ, ಆ ಹುಡುಗ ಎಲ್ಲರನ್ನೂ ಕಾಪಾಡ್ತಾನೆ, ಯಾರಿಗೂ ಅರ್ಥವೇ ಆಗಲ್ಲ. ಅವಳಿಗೆ ಅರ್ಥ ಆಗಿದೆ."

ಡೈರೆಕ್ಟರು ಚಪ್ಪಾಳೆ ತಟ್ಟಿದರು. ಅವಳು ಬಾಗಿಲು ತೆಗೆದುಕೊಂಡು ಈಚೆ ಬಂದಳು. ಯಜಮಾನರು ಎದ್ದು ನಿಂತು, ಅಷ್ಟು ಜನರ ಮುಂದೆ ಅವಳ ಎರಡೂ ಕೈ ಹಿಡಿದುಕೊಂಡರು. ಅವಳು ಅವರ ಒದ್ದೆ ಕಣ್ಣನ್ನು ನೋಡಿದಳು. ಕೈ ಬಿಡಿಸಿಕೊಂಡಳು. ಆಮೇಲೆ ಹೇಳಿದಳು. ಹುಡುಗನ ದನಿಯಲ್ಲಲ್ಲ, ಪಿಸುಮಾತಿನಲ್ಲೂ ಅಲ್ಲ. ಸ್ವಲ್ಪ ಒಡಕಲು, ಸ್ವಲ್ಪ ಎತ್ತರ, ನಾನು ಒಂದು ಸಲವೂ ಕೇಳಿರದ ದನಿ.

"ನಾನು ಬರಲ್ಲ."

ಯಜಮಾನರ ಮುಖ ಮೆಲ್ಲಗೆ ಅರಳಿತು.

"ಇದು ಯಾರ ದನಿ?" ಅಂದರು, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ. "ಇದು ಯಾವ ಪಾತ್ರದ್ದು?"

ಡೈರೆಕ್ಟರು ಗೊಳ್ಳೆಂದು ನಕ್ಕರು. ಅವಳು ನನ್ನ ಕಡೆ ತಿರುಗಿದಳು. ಕೊಟ್ಟ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಬೇಡದಾಗ ಬಡಬಡ ಅಂದ ಬಾಯಿ, ಬೇಕಾದಾಗ ಮುಚ್ಚಿಕೊಂಡೇ ಇತ್ತು. ಇದಕ್ಕಾಗಿ ನನ್ನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅವರು ಅವಳ ಚೀಲ ಎತ್ತಿಕೊಂಡು, ಬಾಗಿಲು ತೆರೆದು ಹಿಡಿದು ನಿಂತರು. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು, ಯಾರಾದರೂ ಮತ್ತೆ ಕೇಳುತ್ತಾರೇನೋ ಅನ್ನುವ ಹಾಗೆ. ಆಮೇಲೆ ಬಗ್ಗಿ ಚಪ್ಪಲಿ ಹಾಕಿಕೊಂಡಳು.